ಕಪ್ಪೆಯೂ ಪ್ರಬಂಧಕ್ಕೆ ವಿಷಯವೆ?

ಕಳೆದ ವರ್ಷ ಆಷಾಢಮಾಸದಲ್ಲಿ ನಾವು ಕಡೂರಿನಿಂದ ತರೀಕೆರೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಬೀರೂರಿನಲ್ಲಿ ಒಬ್ಬ ತರುಣನು ಹತ್ತಿ, ನಮ್ಮನ್ನು ಕಂಡೊಡನೆಯೆ ನಮಸ್ಕರಿಸಿ ಪಕ್ಕದಲ್ಲಿ ಕುಳಿತನು. ಹೈಸ್ಕೂಲಿನಲ್ಲಿ ನಮ್ಮಲ್ಲಿ ಸಂಸ್ಕೃತ ಓದಿದವನು. ಶಬ್ದರೂಪಗಳನ್ನು ಒಪ್ಪಿಸುವಾಗ ದ್ವಿವಚನದಲ್ಲಿ ತಪ್ಪದೆ ಎಡವುತ್ತಿದ್ದವನು. ಪ್ರಯಾಣವೆಲ್ಲಿಗೆಂದು ಕೇಳಲು, ಶಂಕರಘಟ್ಟಕ್ಕೆಂದೂ, ಅಲ್ಲಿಯ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ತಾನು ಸಂಶೋಧನೆ ಮಾಡುತ್ತಿರುವುದಾಗಿಯೂ ಹೇಳಿದನು.

“ಯಾವ ವಿಷಯದಲ್ಲಪ್ಪ?”

“ಗದ್ದೆಯ ಕಪ್ಪೆಗಳ ವಿಷಯದಲ್ಲಿ, ಮೇಷ್ಟ್ರೇ.”

ನಮಗೆ ನಗೆ ತಡೆಯಲಾಗಲಿಲ್ಲ. “ಕಪ್ಪೆ ಎಣಿಸುವುದಕ್ಕೂ ಡಾಕ್ಟರ್ ಪದವಿಯನ್ನು ಕೊಡುತ್ತಾರೆಯೆ?” ಎಂದುಬಿಟ್ಟೆವು. ಮುಂದಿನ ಸೀಟಿನಲ್ಲಿದ್ದ ಇಬ್ಬರು ತಿರುಗಿ ನೋಡಿ ತಾವೂ ನಕ್ಕರು. ಹುಡುಗನು ಮಾತ್ರ ಸ್ವಲ್ಪವೂ ಮುನಿಯದೆ, “ಎಣಿಸುವುದಷ್ಟೇ ಅಲ್ಲ ಮೇಷ್ಟ್ರೇ, ಅವುಗಳ ಕಾಲುಗಳನ್ನು ನೋಡುತ್ತೇವೆ” ಎಂದು ಮೆಲ್ಲಗೆ ವಿವರಿಸತೊಡಗಿದನು. ಅದೇ ವಿಶ್ವವಿದ್ಯಾನಿಲಯದವರು ನಡುವಣ ಸಹ್ಯಾದ್ರಿಯ ಕೃಷಿಭೂಮಿಗಳಲ್ಲಿ ಸಾಮಾನ್ಯ ಕಪ್ಪೆಗಳನ್ನು ಪರೀಕ್ಷಿಸಿ, ಅಂಗವೈಕಲ್ಯವುಳ್ಳವು ಅವುಗಳಲ್ಲಿರುವುದನ್ನು ಕಂಡು ೨೦೦೭ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದ್ದರಂತೆ. ಕಪ್ಪೆಯ ಮೊಟ್ಟೆಗೆ ಕೋಳಿಯ ಮೊಟ್ಟೆಗಿರುವಂತೆ ಚಿಪ್ಪಿಲ್ಲ. ಅದರ ಚರ್ಮವು ನೀರನ್ನೂ ಗಾಳಿಯನ್ನೂ ಹೀರತಕ್ಕದ್ದು. ಆದಕಾರಣ ಗದ್ದೆಯ ನೀರಿಗೆ ಏನು ಬಿದ್ದರೂ ಅದು ಮೊದಲು ತಟ್ಟುವುದು ಕಪ್ಪೆಗೆ. ನಾವು ಚೆಲ್ಲುವ ಕ್ರಿಮಿನಾಶಕಗಳಿಗೂ ಈ ವೈಕಲ್ಯಕ್ಕೂ ಸಂಬಂಧವುಂಟೆ ಎಂಬುದು ಆ ವಿದ್ವಾಂಸರ ಪ್ರಶ್ನೆ. “ಅದೇ ನೀರು ಕೆಳಗಿಳಿದು ಬಾವಿಗೂ ಬರುತ್ತದಲ್ಲ ಮೇಷ್ಟ್ರೇ” ಎಂದು ಹುಡುಗನು ಮುಗಿಸಿದನು. ಮುಂದಿನ ಸೀಟಿನವರ ನಗೆಯೂ ನಿಂತಿತು. ಅವರಲ್ಲೊಬ್ಬರು ಮೂರು ಎಕರೆ ಗದ್ದೆಯ ಯಜಮಾನರೆಂದು ಆಮೇಲೆ ತಿಳಿಯಿತು.

ತರೀಕೆರೆಯಲ್ಲಿ ಇಳಿಯುವಾಗ ನಮಗೆ ಎರಡು ಬಗೆಯ ನಾಚಿಕೆ. ಶಿಷ್ಯನನ್ನು ನಾಲ್ವರೆದುರು ಹಾಸ್ಯಮಾಡಿದೆವೆಂಬುದು ಒಂದು. ಋಗ್ವೇದದ ಏಳನೆಯ ಮಂಡಲದಲ್ಲಿ ಕಪ್ಪೆಗಳ ಮೇಲೆಯೇ ಒಂದು ಸಂಪೂರ್ಣ ಸೂಕ್ತವಿರುವುದನ್ನು, ಅದರಲ್ಲಿ ಅವುಗಳ ದನಿಯನ್ನು ವೇದಪಾಠಕ್ಕೆ ಹೋಲಿಸಿರುವುದನ್ನು ವಿಸ್ಮಯದಿಂದ ಹೇಳಿಕೊಂಡು ಬಂದ ನಾವೇ ಹೀಗೆ ನುಡಿದೆವಲ್ಲ ಎಂಬುದು ಇನ್ನೊಂದು. ಋಷಿಯು ಕಪ್ಪೆಯನ್ನು ನೋಡಿದರೆ ಮಂತ್ರ, ಬೀರೂರಿನ ಹುಡುಗನು ನೋಡಿದರೆ ನಗೆಯೆ?

ಅಂದಿನಿಂದ ಆ ವಿದ್ಯಾಸ್ಥಾನದಲ್ಲಿ ಏನೇನು ನಡೆಯುತ್ತದೆಂದು ವಿಚಾರಿಸುವ ಚಪಲವು ನಮಗೆ ಹತ್ತಿತು. ಭದ್ರಾವತಿ ತಾಲ್ಲೂಕಿಗೆ ಸೇರಿದ ಶಂಕರಘಟ್ಟವು ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿಗೆ ಸಮೀಪದಲ್ಲಿದೆ. ವಿಶ್ವವಿದ್ಯಾನಿಲಯವು ಸ್ಥಾಪನೆಯಾದದ್ದು ೧೯೮೭ರಲ್ಲಿ. ಮೊದಲನೆಯ ಕುಲಪತಿಗಳಾಗಿದ್ದವರು ಕಾದಂಬರಿಕಾರರೂ ಆಗಿದ್ದ ಶಾಂತಿನಾಥ ದೇಸಾಯಿಯವರು. ಆವರಣಕ್ಕೆ ಜ್ಞಾನಸಹ್ಯಾದ್ರಿ ಎಂದು ಹೆಸರು. ೧೯೧೬ರಲ್ಲಿ ಹುಟ್ಟಿದ ಮೈಸೂರಿನ ವಿಶ್ವವಿದ್ಯಾನಿಲಯದ ಮುಂದೆ ಇದು ಕೂಸು. ೨೦೦೯ರಲ್ಲಿ ದಾವಣಗೆರೆಯಲ್ಲಿ ಬೇರೆಯ ವಿಶ್ವವಿದ್ಯಾನಿಲಯವಾದ ಮೇಲೆ ಇದರ ಸೀಮೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಷ್ಟೆ.

ಇಷ್ಟು ಸಣ್ಣ ಕ್ಷೇತ್ರದಲ್ಲಿ ಬೆಳೆಯುವ ಬೆಳೆ ಮಾತ್ರ ಒಂದೇ ಬಗೆಯದಲ್ಲ. ಲಕ್ಕವಳ್ಳಿಯ ಸುತ್ತಣ ಹುಲ್ಲುಗಳ ಬೇರಿಗೂ ಬೇರಿನ ಮಣ್ಣಿಗೂ ಅಂಟಿಕೊಂಡಿರುವ ಶಿಲೀಂಧ್ರಗಳು, ಎಂದರೆ ಬೂಷ್ಟಿನ ಜಾತಿಯವು, ಎಷ್ಟು ಬಗೆಯವೆಂದು ಒಬ್ಬರು ನೋಡಿದ್ದಾರೆ. ಭದ್ರಾ ಅಭಯಾರಣ್ಯದ ಜನರು ಯಾವ ಯಾವ ಗಿಡವನ್ನು ಯಾವ ಯಾವ ಬೇನೆಗೆ ಬಳಸುತ್ತಾರೆಂದು ಕೆಲವರು ವಿಚಾರಿಸಿ ೨೦೦೪ರಲ್ಲಿ ಬರೆದಿದ್ದಾರೆ. ಭದ್ರಾ ನದಿಯ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಹೋಗಿ ಪರೀಕ್ಷಿಸುವವರುಂಟು. ಕನ್ನಡಭಾರತಿ ಎಂಬ ಕನ್ನಡದ ವಿಭಾಗವುಂಟು. ಶಾಸನ, ಗುಡಿ, ವೀರಗಲ್ಲುಗಳಿಗೆ ಚರಿತ್ರೆಯವರುಂಟು. ರಸಾಯನ, ಗಣಿತ, ಭೌತವಿಜ್ಞಾನಗಳವರು ಮಾಡುವುದು ನಮ್ಮ ಬುದ್ಧಿಗೆ ನಿಲುಕದು. ನಿಲುಕದ್ದರಿಂದ ನಿಷ್ಪ್ರಯೋಜಕವೆಂದು ಹೇಳುವ ಧೈರ್ಯವು ಬಸ್ಸಿನಲ್ಲೇ ಹೋಯಿತು.

ನಮ್ಮ ಬೀದಿಯ ಹಿರಿಯರೊಬ್ಬರಿಗೆ ಇದೆಲ್ಲ ಒಪ್ಪಿಗೆಯಿಲ್ಲ. “ಹತ್ತು ಕಡೆ ಮೊಣಕಾಲುದ್ದ ತೋಡಿದರೆ ನೀರು ಬಂದೀತೆ? ಒಂದೇ ಬಾವಿಯನ್ನು ಆಳವಾಗಿ ತೋಡಬಾರದೆ?” ಎಂಬುದು ಅವರ ಆಕ್ಷೇಪಣೆ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಹೆಸರಿನ ಕೊನೆಗೆ ‘ಒಂದು ಅಧ್ಯಯನ’ ಎಂದು ಬಾಲ ಕಟ್ಟಿಕೊಂಡು ಹೊರಡುವ ಪ್ರಬಂಧಗಳು ನಾಡಿನ ಎಲ್ಲ ವಿಶ್ವವಿದ್ಯಾನಿಲಯಗಳಲ್ಲಿಯೂ ಉಂಟು. ಅವುಗಳಲ್ಲಿ ಕೆಲವು ಪದವಿಗಾಗಿ ಹುಟ್ಟಿ, ಪದವಿ ಬಂದ ದಿನವೇ ಕಣ್ಣುಮುಚ್ಚತಕ್ಕವು. ಆದರೆ ಬಾವಿಯ ದೃಷ್ಟಾಂತವು ಇಲ್ಲಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ಲಕ್ಕವಳ್ಳಿಯ ಹುಲ್ಲಿನ ಬೇರನ್ನು ನೋಡಲು ಆಕ್ಸ್‌ಫರ್ಡಿನಿಂದ ಯಾರು ಬಂದಾರು? ಬೆಂಗಳೂರಿನವರಿಗೂ ಅದು ದಾರಿಯ ಬದಿಯ ಹುಲ್ಲೇ. ಹತ್ತಿರದಲ್ಲಿರುವವನು ನೋಡದಿದ್ದರೆ ಅದನ್ನು ನೋಡುವವರೇ ಇಲ್ಲ.

ಹುಲ್ಲು ಎಂದರೆ ಅಜ್ಜಂಪುರದ ಕಡೆಯವರಿಗೆ ಹಗುರವಾದ ಮಾತಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರು ಪಡೆಯಿತು; ಆ ತಳಿಯ ದನಗಳ ಸಂವರ್ಧನಕೇಂದ್ರವು ಅಜ್ಜಂಪುರದಲ್ಲಿದೆ. ಆ ದನಗಳ ನಡಿಗೆಯ ಬಿರುಸಿಗೆ ಕಾವಲುಗಳ ಹುಲ್ಲೇ ಬಲ. ಮರವಿಲ್ಲದ ಕಾವಲನ್ನು ಬೀಳೆಂದು ಬಗೆದು ಉತ್ತು, ಹಂಚಿ, ಕಟ್ಟಡ ಕಟ್ಟಿ ಬಹುಭಾಗವನ್ನು ಕಳೆದುಕೊಂಡೆವು. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳಿರುವುದರಿಂದ ೨೦೧೧ರಲ್ಲಿ ಅದನ್ನು ರಕ್ಷಿತಪ್ರದೇಶವೆಂದು ಸರ್ಕಾರವು ಘೋಷಿಸಿತು; ಅದರ ವಿಸ್ತಾರ ಏಳು ಚದರ ಕಿಲೋಮೀಟರಿಗೆ ತುಸು ಮೇಲೆ. ಹುಲ್ಲುಗಾವಲು ಬೀಳಲ್ಲ, ಅದರೊಳಗೂ ಒಂದು ಸಂಸಾರವಿದೆ ಎಂದು ಯಾರಾದರೂ ಪಟ್ಟಿಮಾಡಿ ತೋರಿಸದಿದ್ದರೆ ಇಂಥ ಘೋಷಣೆಗೆ ಆಧಾರವೆಲ್ಲಿ?

ದೂರದ ವಿದ್ಯೆ ಬೇಡವೆಂದು ನಾವು ಹೇಳುತ್ತಿಲ್ಲ. ಅಡಕೆಯ ಕೊಳೆರೋಗಕ್ಕೆ ಮಲೆನಾಡಿನವರು ಹಿಂದೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಕೆನಡಾ ದೇಶದವರಾದ ಡಾಕ್ಟರ್ ಕೋಲ್ಮನ್ನರು ೧೯೦೮ರಲ್ಲಿ ಮೈಸೂರು ಸರ್ಕಾರದ ನೌಕರಿಗೆ ಬಂದು, ಆ ರೋಗವನ್ನು ಶೋಧಿಸಿ, ಮೈಲುತುತ್ತ ಮತ್ತು ಸುಣ್ಣದಿಂದಾದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಆ ದ್ರಾವಣವು ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ ಹುಟ್ಟಿದ್ದು. ಬೋರ್ಡೋವಿನ ಪಂಡಿತನು ತನ್ನೂರಿನ ದ್ರಾಕ್ಷಿಯ ಎಲೆಯನ್ನು ನೋಡಿದ್ದರಿಂದ ತರೀಕೆರೆಯ ಅಡಕೆಯು ಉಳಿಯಿತು. ಅವನಿಗೆ ತರೀಕೆರೆಯ ಹೆಸರು ಕನಸಿನಲ್ಲಿಯೂ ತಿಳಿದಿರಲಾರದು. ನಮ್ಮ ಹುಲ್ಲಿನ ಬೇರು ನಾಳೆ ಯಾವ ಊರಿನ ಯಾರಿಗೆ ಬೇಕಾದೀತೋ!

ಶಾಸನಗಳ ಸಂಗತಿಯೂ ಇದೇ. ತರೀಕೆರೆಗೆ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ವೀರಬಲ್ಲಾಳನ ದಂಡನಾಯಕನು ೧೧೯೬ರಲ್ಲಿ ಕಟ್ಟಿಸಿದನು. ಅಲ್ಲಿಯ ಶಾಸನಕ್ಕೆ ಕವಿ ಜನ್ನನ ಪದ್ಯಗಳ ಭಾಗ್ಯವುಂಟು, ಶಿಲ್ಪಗಳಲ್ಲಿ ಮಲ್ಲಿತಮ್ಮನ ಹೆಸರುಂಟು. ನಮ್ಮ ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ರೈಸ್ ಸಾಹೇಬರು ಅದರ ಶಾಸನಗಳನ್ನೆಲ್ಲ ಒಟ್ಟುಮಾಡಿ ೧೯೦೧ರಲ್ಲಿ ಒಂದು ಸಂಪುಟವನ್ನು ಅಚ್ಚುಹಾಕಿಸಿದರು. ಅಂದು ಅವರು ಹಿಡಿದ ಕೆಲಸವನ್ನು ಹೊಲದ ಬದುವಿನಲ್ಲಿ ಬಿದ್ದ ಒಂದೊಂದು ವೀರಗಲ್ಲಿನವರೆಗೆ ಮುಂದುವರಿಸತಕ್ಕವರು ಹತ್ತಿರದ ವಿದ್ಯಾರ್ಥಿಗಳೇ ಹೊರತು ಬೇರೆ ಯಾರು? ಕಲ್ಲಾದರೋ ಇನ್ನಷ್ಟು ಕಾಲ ಕಾದೀತು. ಬಾಯಲ್ಲಿರುವ ವಿದ್ಯೆ ಕಾಯುವುದಿಲ್ಲ. ಈ ಮಾತನ್ನು ನಾವು ಪುಸ್ತಕದಿಂದ ತಿಳಿಯಲಿಲ್ಲ, ನಮ್ಮ ಅಕ್ಕಯ್ಯನ ಮನೆಯಲ್ಲಿ ತಿಳಿದೆವು.

ಅಕ್ಕಯ್ಯನು ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿದ್ದಾಳೆ. ವಯಸ್ಸು ಎಂಬತ್ತರ ಸಮೀಪ. ಸೊಪ್ಪು ಬೇರುಗಳ ವಿಚಾರದಲ್ಲಿ ಸುತ್ತಿನ ಹೆಂಗಸರಿಗೆಲ್ಲ ಅವಳೇ ನಿಘಂಟು. ಔಷಧಸಸ್ಯಗಳ ಮೇಲೆ ಪ್ರಬಂಧ ಬರೆಯುತ್ತಿರುವ ಒಬ್ಬ ಹುಡುಗಿಯನ್ನು, ಬಸ್ಸಿನ ಶಿಷ್ಯನ ಮಾತಿನ ಮೇಲೆ, ನಾವೇ ಅವಳಲ್ಲಿಗೆ ಕರೆದುಕೊಂಡು ಹೋದೆವು. ಹುಡುಗಿಯು ಮೂರು ಸಲ ಬಂದಳು. ಅಕ್ಕಯ್ಯನು ಹಿತ್ತಲಿನಲ್ಲಿಯೂ ಕೆರೆಯ ಏರಿಯ ಮೇಲೆಯೂ ನಿಧಾನವಾಗಿ ನಡೆದು ಮೂವತ್ತೇಳು ಗಿಡಗಳನ್ನು ತೋರಿಸಿದಳು. ಹುಡುಗಿಯು ಒಂದೊಂದನ್ನೂ ಹಳೆಯ ವೃತ್ತಪತ್ರಿಕೆಯ ನಡುವೆ ಒತ್ತಿಟ್ಟು, ಸಂಖ್ಯೆ ಹಾಕಿ, ಅಕ್ಕಯ್ಯನ ಮಾತನ್ನು ಆಡಿದ ಹಾಗೆಯೇ ಬರೆದುಕೊಂಡಳು.

ಅಲ್ಲಿ ನಮ್ಮ ಪಾಂಡಿತ್ಯಕ್ಕೂ ಒಂದು ಪರೀಕ್ಷೆಯಾಯಿತು. ನೀರಿನ ಅಂಚಿನ ಒಂದು ಗಿಡವನ್ನು ತೋರಿಸಿ ನಾವು “ಇದು ಬ್ರಾಹ್ಮೀ, ಮೇಧಾಕರವಾದದ್ದು” ಎಂದೆವು. ಅಕ್ಕಯ್ಯನು “ಅಲ್ಲವೋ, ಬ್ರಾಹ್ಮಿ ಅಂದರೆ ಒಂದೆಲಗ” ಎಂದು ಚಟ್ನಿಗೆ ಹಾಕುವ ದುಂಡೆಲೆಯನ್ನು ತೋರಿಸಿದಳು. ಹುಡುಗಿಯು ಇಬ್ಬರ ಮಾನವನ್ನೂ ಉಳಿಸಿ, ಒಂದೇ ಹೆಸರು ಈ ಎರಡು ಗಿಡಗಳಿಗೂ ಸಲ್ಲುತ್ತಿದೆಯೆಂದೂ, ಇವು ಬೇರೆ ಬೇರೆ ಕುಟುಂಬದವೆಂದೂ, ಹೆಸರನ್ನು ನಂಬಿ ಮದ್ದು ಕೊಂಡರೆ ಮೋಸಹೋಗುವುದು ಇಂಥಲ್ಲಿಯೇ ಎಂದೂ ಹೇಳಿದಳು. ಗಿಡವನ್ನೇ ಒತ್ತಿ ಇಟ್ಟುಕೊಳ್ಳುವುದು ಅದಕ್ಕಾಗಿಯಂತೆ. ಮೂವತ್ತು ವರ್ಷ ಅಮರಕೋಶವನ್ನು ಹೇಳಿಕೊಟ್ಟವರಿಗೆ ಶಬ್ದದ ಹಿಂದಿನ ಎಲೆಯು ಕಾಣದೆಹೋಗಿತ್ತು.

ಮೂವತ್ತೆಂಟನೆಯದು ಕಾಮಾಲೆಯ ಮದ್ದು. ಅದನ್ನು ಅಕ್ಕಯ್ಯನು ಹೇಳಲಿಲ್ಲ. ಹೇಳಿದರೆ ಮದ್ದು ಫಲಿಸದೆಂಬುದು ಅವಳ ಅತ್ತೆಯ ಕಾಲದಿಂದ ಬಂದ ನಂಬಿಕೆ. (ಕಾಮಾಲೆಯಲ್ಲಿ ಹಲವು ಬಗೆಯುಂಟು, ಓದುವ ಗೃಹಸ್ಥರು ಮೊದಲು ವೈದ್ಯರಲ್ಲಿ ರಕ್ತಪರೀಕ್ಷೆಯನ್ನು ಮಾಡಿಸತಕ್ಕದ್ದು.) ನಾವು ಬಲವಂತಮಾಡಲು ಹೊರಟಾಗ ಹುಡುಗಿಯೇ ತಡೆದು, “ಅಜ್ಜಿ ಒಪ್ಪದೆ ಬರೆಯಬಾರದು ಮೇಷ್ಟ್ರೇ” ಎಂದಳು. ಆಗ ಅವಳಿಗೆ ಅರಿಶಿನದ ಕಥೆಯನ್ನು ನಾವು ಜ್ಞಾಪಿಸಿದೆವು. ಗಾಯಕ್ಕೆ ಅರಿಶಿನ ಹಚ್ಚುವ ವಿದ್ಯೆಯನ್ನು ಹೊಸ ಶೋಧವೆಂದು ೧೯೯೫ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯು ತಕರಾರು ಹೂಡಿ, ಹಳೆಯ ಸಂಸ್ಕೃತಗ್ರಂಥವನ್ನೂ ೧೯೫೩ರ ಒಂದು ವೈದ್ಯಪತ್ರಿಕೆಯನ್ನೂ ಮುಂದಿಟ್ಟ ಮೇಲೆ ೧೯೯೭ರಲ್ಲಿ ಅದು ರದ್ದಾಯಿತು. ನಾಡಿನ ಕೋಟ್ಯಂತರ ತಾಯಂದಿರಿಗೆ ತಿಳಿದಿದ್ದರೂ ಅಲ್ಲಿ ಸಾಕ್ಷಿಯಾಗಿ ನಿಂತದ್ದು ಬರೆಹ.

ಅಕ್ಕಯ್ಯನು ಎಲ್ಲವನ್ನೂ ಕೇಳಿ, “ಅಲ್ಲಮ್ಮ, ನಾನು ಹೇಳಿದ್ದನ್ನು ನೀನು ಯಾವ ಭಾಷೆಯಲ್ಲಿ ಅಚ್ಚುಹಾಕಿಸುತ್ತೀ?” ಎಂದು ಕೇಳಿದಳು.

“ಇಂಗ್ಲಿಷಿನಲ್ಲಿ, ಅಜ್ಜಿ. ವಿಜ್ಞಾನದ್ದು ಹಾಗೆಯೇ.”

“ಹಾಗಾದರೆ ನನ್ನ ಸೊಸೆಗೆ ಓದಲು ಬರುವುದಿಲ್ಲವಲ್ಲ.”

ಹುಡುಗಿಯ ಮುಖ ಸಣ್ಣದಾಯಿತು. ನಮ್ಮಲ್ಲಿಯೂ ಉತ್ತರವಿರಲಿಲ್ಲ. ಊರಿನವರಿಂದ ಪಡೆದದ್ದು ಊರಿನವರಿಗೆ ಓದಲಾಗದ ಭಾಷೆಯಲ್ಲಿ ಪುಸ್ತಕಭಂಡಾರದ ಕಪಾಟನ್ನು ಸೇರುವುದು ಸಣ್ಣ ವಿಶ್ವವಿದ್ಯಾನಿಲಯವೊಂದರ ದೋಷವಲ್ಲ, ದೇಶದ ರೂಢಿ. ಹೊರದೇಶದ ಪಂಡಿತರು ಓದಿ ತೂಗಲು ಇಂಗ್ಲಿಷ್ ಬೇಕೆಂಬುದೂ ನಿಜ. ಆದರೂ ಕೊನೆಗೆ ಹತ್ತು ಹಾಳೆಯ ಕನ್ನಡದ ಸಾರಾಂಶವನ್ನು ಸೇರಿಸಿ, ಪ್ರತಿಯೊಂದನ್ನು ಗ್ರಾಮಪಂಚಾಯಿತಿಗೆ ಕೊಡಬೇಕೆಂದು ನಿಯಮ ಮಾಡಿದರೆ ಯಾರ ಗಂಟು ಹೋಗುತ್ತದೆ? ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಊರಿನ ಗಿಡಮೂಲಿಕೆಗಳ ದಾಖಲೆಯನ್ನು ಪಂಚಾಯಿತಿಯ ಮಟ್ಟದಲ್ಲಿ ಇಡಬೇಕಾಗಿಯೂ ಇದೆ. ಈ ಪತ್ರಿಕೆಯನ್ನು ಓದುವವರಲ್ಲಿ ಅಧ್ಯಾಪಕರಿದ್ದರೆ ಇದನ್ನು ಆಲೋಚಿಸಬೇಕಾಗಿ ಬೇಡುತ್ತೇವೆ.

ಕಳೆದ ಕಾರ್ತಿಕದಲ್ಲಿ ಹುಡುಗಿಯು ನಾಲ್ಕನೆಯ ಸಲ ಬಂದಳು. ಈ ಸಲ ಕೇಳುವುದಕ್ಕಲ್ಲ, ಕೊಡುವುದಕ್ಕೆ. ಒಂದು ಗಟ್ಟಿರಟ್ಟಿನ ನೋಟುಪುಸ್ತಕದಲ್ಲಿ ಮೂವತ್ತೇಳು ಗಿಡಗಳಿಗೆ ಮೂವತ್ತೇಳು ಹಾಳೆ. ಎಲ್ಲವೂ ಕನ್ನಡದಲ್ಲಿ, ದುಂಡಗಿನ ಕೈಬರಹದಲ್ಲಿ, ಅಕ್ಕಯ್ಯನ ಮಾತಿನಲ್ಲಿಯೇ. ಸೊಸೆಯು ನಡುಮನೆಯಲ್ಲಿ ಕುಳಿತು ಗಟ್ಟಿಯಾಗಿ ಓದಿದಳು. ಅಕ್ಕಯ್ಯನು ಕಣ್ಣುಮುಚ್ಚಿ ಕೇಳುತ್ತ ಎರಡು ಕಡೆ ತಿದ್ದಿಸಿದಳು: ಒಂದರಲ್ಲಿ ಎಲೆಯನ್ನು ಹೂಬಿಡುವ ಮುಂಚೆ ಕೀಳಬೇಕು, ಇನ್ನೊಂದನ್ನು ಬಸುರಿಯರಿಗೆ ಕೊಡಕೂಡದು. ಮೂವತ್ತೆಂಟನೆಯ ಹಾಳೆಯಲ್ಲಿ ಸಂಖ್ಯೆ ಮಾತ್ರವಿದ್ದಿತು. ಸೊಸೆಯು ಅದನ್ನು ತಿರುವಿಹಾಕಿ, ಖಾಲಿಯೆಂದು ಪುಸ್ತಕವನ್ನು ಮುಚ್ಚುವಷ್ಟರಲ್ಲಿ ಅಕ್ಕಯ್ಯನು, “ಆ ಹಾಳೆ ಹರಿಯಬೇಡ, ಇರಲಿ” ಎಂದಳು. ಪುಸ್ತಕವು ಈಗ ಪಂಚಾಂಗದ ಪಕ್ಕದ ಗೂಡಿನಲ್ಲಿದೆ. ಹಾಳೆಯು ಇನ್ನೂ ಖಾಲಿಯಾಗಿಯೇ ಇದೆ.