ಅಮ್ಮನ ಹಳೆಯ ರಿಪೋರ್ಟು

ಮಕ್ಕಳೇ, ನಿಮ್ಮ ಅಮ್ಮಂದಿರಲ್ಲಿ ಎಷ್ಟೋ ಮಂದಿಗೆ ಗರ್ಭಕೋಶದ ಆಪರೇಷನ್ ಆಗಿರುತ್ತದೆ. ಕೇಳಿದರೆ ‘ಏನೋ ಗಡ್ಡೆ ಇತ್ತಂತೆ, ತೆಗೆದರು’ ಎಂದು ಮಾತು ತೇಲಿಸುತ್ತಾರೆ. ಆ ಗಡ್ಡೆಯೇ ಫೈಬ್ರಾಯ್ಡ್. 50 ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಇದು ಬೆಳೆಯುತ್ತದೆ. ಕ್ಯಾನ್ಸರ್ ಅಲ್ಲ, ಅನೇಕರಿಗೆ ಇರುವುದೇ ತಿಳಿಯುವುದಿಲ್ಲ.

ಆದರೆ ಬಲು ಅಪರೂಪಕ್ಕೆ, ಆಪರೇಷನ್ ಆಗಿ ಎಷ್ಟೋ ವರ್ಷಗಳ ಮೇಲೆ, ಬೇರೆ ಯಾವುದಕ್ಕೋ ತೆಗೆಸಿದ ಎದೆಯ ಎಕ್ಸ್‌ರೇಯಲ್ಲಿ ದುಂಡನೆಯ ಗಂಟುಗಳು ಕಾಣುತ್ತವೆ, ಅದೂ ಎರಡೂ ಶ್ವಾಸಕೋಶಗಳಲ್ಲಿ. ಹಲವರಿಗೆ ಕೆಮ್ಮೂ ಇರುವುದಿಲ್ಲ. ಮನೆಯವರಿಗೆ ಕ್ಯಾನ್ಸರ್ ಎಂದು ಕೈಕಾಲು ಉಡುಗುತ್ತದೆ. ಚೂರು ತೆಗೆದು ಪರೀಕ್ಷಿಸಿದರೆ ಅದೇ ಗರ್ಭಕೋಶದ ಸ್ನಾಯುವಿನ ಗಡ್ಡೆ! ರಕ್ತನಾಳದ ದಾರಿ ಹಿಡಿದು ಹೋಗಿರಬೇಕೆಂಬುದು ಒಂದು ವಿವರಣೆ. 1939ರಲ್ಲಿ ಸ್ಟೈನರ್ ಎಂಬುವರು ಇಂಥದ್ದನ್ನು ವರ್ಣಿಸಿದರು. ‘ಬಿನೈನ್ ಮೆಟಾಸ್ಟಸೈಸಿಂಗ್ ಲಿಯೋಮಯೋಮಾ’ ಎಂದು ಹೆಸರು. ಸಾಧುವೂ ಹೌದು, ಊರೂರು ಅಲೆಯುವುದೂ ಹೌದು! (ಇಂಗ್ಲಿಷ್ ಬಿ.ಎ. ಮಾಡಿದ ನನಗೂ ಇದು ಬಾಯಿಗೆ ಹತ್ತಲು ಎರಡು ದಿನ ಬೇಕಾಯಿತು.)

ಈಸ್ಟ್ರೋಜನ್ ಹಾರ್ಮೋನಿನ ಆಸರೆಯಲ್ಲಿ ಬೆಳೆಯುವುದರಿಂದ ಮುಟ್ಟು ನಿಂತ ಮೇಲೆ ಇದು ಕುಗ್ಗುವುದುಂಟು. ಕೆಲವರಿಗೆ ಆಗಾಗ ಸ್ಕ್ಯಾನ್ ಮಾಡಿಸುತ್ತಿದ್ದರೆ ಸಾಕು. ಕೆಲವರಿಗೆ ಹಾರ್ಮೋನ್ ತಗ್ಗಿಸುವ ಔಷಧಿ ಅಥವಾ ಶಸ್ತ್ರಕ್ರಿಯೆ ಬೇಕಾಗುತ್ತದೆ.

ಎದೆಯ ಡಾಕ್ಟರು ಗರ್ಭಕೋಶದ ಸಂಗತಿ ಕೇಳದೆ ಇರಬಹುದು. ಅಮ್ಮ ಮಗನೆದುರು ನಾಚಿಕೊಂಡು ಹೇಳದೆ ಇರಬಹುದು. ಇಂಥ ನಾಚಿಕೆ ನನಗಂತೂ ಸರಿ ಕಾಣುವುದಿಲ್ಲ. ಈ ರಜೆಯಲ್ಲಿ ಬೀರುವಿನ ತಳದಲ್ಲಿರುವ ಆ ಹಳೆಯ ಪೆಥಾಲಜಿ ರಿಪೋರ್ಟನ್ನು ಹುಡುಕಿ, ಒಂದು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಗಂಡುಹುಡುಗರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.