ಎಂಟರ್‌ಪ್ರೈಸ್ ಆವೃತ್ತಿಯಂತೆ! ರಾತ್ರಿ ಎರಡಕ್ಕೆ ಫೋನ್ ಎತ್ತೋರು ಯಾರು ಸ್ವಾಮಿ?

ಒಂದು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸು, ಮನೆ, ನಡುವೆ ಒಂದು ವಾರ ಜ್ವರ... ನೆಪಗಳಿಗೇನು ಬರ? ಇವತ್ತು ಬರೆಯೋಕೆ ಕೂತಿದ್ದು ಮಾತ್ರ ಸಿಟ್ಟಿನಿಂದ.

ನಾನು ಬಿಡುವಾದಾಗ ಕೈ ಜೋಡಿಸುವ ಒಂದು ಪುಟ್ಟ ಮುಕ್ತ ತಂತ್ರಾಂಶ ಯೋಜನೆ ಇದೆ. (ಹೆಸರು ಬೇಡ, ಸುಮ್ಮನೆ ಜಗಳ.) ಲೆಕ್ಕಕ್ಕೆ ಒಂಬತ್ತು ಜನ, ನಿಜವಾಗಿ ಕೋಡ್ ಬರೆಯೋರು ಮೂರು ಜನ. ನನ್ನದು ಕನ್ನಡ ಅನುವಾದ ಮತ್ತು ಬಂದ ಬಗ್ ವರದಿಗಳನ್ನು ವಿಂಗಡಿಸುವ ಕೆಲಸ. ಕಳೆದ ವಾರ ನಮ್ಮಲ್ಲೇ ಒಬ್ಬರು ಹನ್ನೆರಡು ಸ್ಲೈಡಿನ ಪ್ಲಾನ್ ಕಳಿಸಿದರು. "ಎಂಟರ್‌ಪ್ರೈಸ್ ಆವೃತ್ತಿ" ತರಬೇಕಂತೆ. ಐದು ವರ್ಷ ಬೆಂಬಲ, ನಾಲ್ಕು ಗಂಟೆಯೊಳಗೆ ಉತ್ತರ, ಭದ್ರತಾ ದೋಷ ಸಿಕ್ಕರೆ ಎರಡೇ ದಿನದಲ್ಲಿ ಪ್ಯಾಚ್. ಎಲ್ಲಾ ಸರಿ, ಇದನ್ನ ಮಾಡೋರು ಯಾರು ಅಂತ ನೋಡಿದರೆ ಆ ಕಾಲಂನಲ್ಲಿ ಒಂದೇ ಪದ ಇತ್ತು: "ಸಮುದಾಯ".

ಸಮುದಾಯ ಅಂದ್ರೆ ಯಾರು ಮಾರಾಯ್ರೇ? ಮಗುವನ್ನ ಮಲಗಿಸಿ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪ್ ತೆಗೆಯೋ ಗೆಳೆಯನಾ? ಊರವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಅಂದ್ರೆ ಇದೇ.

ಸಿಟ್ಟಿಗೆ ಇನ್ನೊಂದು ಕಾರಣ ಇದೆ. ನಾನೂ ಒಮ್ಮೆ ಬಾವಿಗೆ ತಳ್ಳಿದವನೇ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ದೋಷ ಹೊರಬಿದ್ದಾಗ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಗಾಬರಿ. ನಾವು ಬಳಸುವ ಪ್ರತಿ ಲೈಬ್ರರಿಯ ಕರ್ತೃವಿಗೂ ಒಂದು ಪ್ರಶ್ನಾವಳಿ ಕಳಿಸು ಅಂದರು. ಕಳಿಸಿದೆ. "ದಯವಿಟ್ಟು 24 ಗಂಟೆಯೊಳಗೆ ಉತ್ತರಿಸಿ" ಅಂತ ಸೇರಿಸಿ! ಆ ಜನಕ್ಕೆ ನಾವು ಒಂದು ರೂಪಾಯಿ ಕೊಟ್ಟವರಲ್ಲ. ಒಬ್ಬರಿಂದ ಉತ್ತರ ಬಂತು: ನಾನು ಶಾಲೆ ಮೇಷ್ಟ್ರು, ಈಗ ಪರೀಕ್ಷೆ ನಡೀತಿದೆ, ಭಾನುವಾರ ನೋಡ್ತೀನಿ ಅಂತ. ಭಾನುವಾರ ನಿಜವಾಗಲೂ ನೋಡಿ, ನಲವತ್ತು ಪ್ರಶ್ನೆಗೂ ಉತ್ತರ ತುಂಬಿ ಕಳಿಸಿದ್ದರು. ಆವತ್ತು ನನಗೆ ಊಟ ಸೇರಲಿಲ್ಲ.

2022ರ ಜನವರಿಯಲ್ಲಿ ಕರ್ಲ್ ಬರೆದ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೂ ಒಂದು ದೊಡ್ಡ ಕಂಪನಿಯಿಂದ ಇಂಥದ್ದೇ ಪತ್ರ ಬಂದಿತ್ತು, ಅದೂ 24 ಗಂಟೆಯ ಗಡುವಿನ ಜೊತೆ. ಕರ್ಲ್ ಇರೋದು ಸಿ ಭಾಷೆಯಲ್ಲಿ, ಜಾವಾದ ಲಾಗ್‌ಫೋರ್‌ಜೆಗೂ ಅದಕ್ಕೂ ಸಂಬಂಧವೇ ಇಲ್ಲ. ಬೆಂಬಲದ ಒಪ್ಪಂದಕ್ಕೆ ಸಹಿ ಹಾಕಿ, ಖುಷಿಯಿಂದ ಉತ್ತರಿಸ್ತೀನಿ ಅಂದರು ಅವರು. ಅವರಿಗಿದ್ದ ಗಟ್ಟಿತನ ನನ್ನ ಮೇಷ್ಟ್ರಿಗೆ ಇರಲಿಲ್ಲ, ಅಷ್ಟೇ.

ನಮ್ಮ ಸ್ಲೈಡ್ ಮಹಾಶಯರು ಎಂಟರ್‌ಪ್ರೈಸ್ ಅಂದರೆ ಇನ್ನೂ ನಾಲ್ಕು ಫೀಚರ್ ಅಂದುಕೊಂಡಿದ್ದಾರೆ. ಅಲ್ಲ. ಅಲ್ಲಿ ಮಾರೋದು ತಂತ್ರಾಂಶವನ್ನಲ್ಲ, ಮಾತನ್ನ. ಅದರ ಹಿಂದಿನ ಕೆಲಸ ಎಷ್ಟು ಬೇಜಾರಿನದು ಗೊತ್ತಾ? ದೋಷ ಸಿಗೋದು ಹೊಸ ಆವೃತ್ತಿಯಲ್ಲಿ, ಪ್ಯಾಚ್ ಬರೆಯೋದೂ ಅದಕ್ಕೇ. ಗ್ರಾಹಕರ ಹತ್ತಿರ ಇರೋದು ನಾಲ್ಕು ವರ್ಷ ಹಳೆಯದು. ಅಲ್ಲಿ ಆ ಫಂಕ್ಷನ್ನೇ ಬೇರೆ ಥರ ಇರುತ್ತೆ, ಕೆಲವು ಸಲ ಇರೋದೇ ಇಲ್ಲ. ಹಳೇ ಕೋಡಿಗೆ ಆ ಪ್ಯಾಚನ್ನ ಹೊಂದಿಸಿ, ಇನ್ನೇನೂ ಮುರಿದಿಲ್ಲ ಅಂತ ಪರೀಕ್ಷಿಸಿ, ಮತ್ತೆ ಬಿಡುಗಡೆ ಮಾಡಬೇಕು. ಇದನ್ನ ಪ್ರೀತಿಗೋಸ್ಕರ ಐದು ವರ್ಷ ಮಾಡೋ ಸ್ವಯಂಸೇವಕನನ್ನ ನಾನಂತೂ ನೋಡಿಲ್ಲ.

ಡೆಬಿಯನ್ ನೋಡಿ. ಪ್ರಪಂಚದ ಎಷ್ಟೋ ಸರ್ವರುಗಳು ಅದರ ಮೇಲೆ ನಡೆಯುತ್ತವೆ. ಆದರೆ ಯಾರ ಮೇಲೂ ಕೆಲಸದ ಹೊಣೆ ಹೇರುವಂತಿಲ್ಲ ಅಂತ 1998ರ ಅದರ ಸಂವಿಧಾನವೇ ಹೇಳುತ್ತೆ. ಬೇಡ ಅನಿಸಿದರೆ ಮಾಡಬೇಕಿಲ್ಲ. 2014ರಲ್ಲಿ ಸ್ಕ್ವೀಝ್ ಆವೃತ್ತಿಯಿಂದ ಐದು ವರ್ಷದ ಬೆಂಬಲ ಶುರು ಮಾಡಿದಾಗ ಅವರು ಈ ಮಾತನ್ನ ಮುರಿಯಲಿಲ್ಲ. ರಫಾಯೆಲ್ ಹರ್ಟ್ಸೋಗ್ ಅವರ ಫ್ರೆಕ್ಸಿಯನ್ ಕಂಪನಿ ಬಳಕೆದಾರ ಸಂಸ್ಥೆಗಳಿಂದ ದುಡ್ಡು ಸೇರಿಸಿ, ಡೆವಲಪರ್‌ಗಳಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟಿತು. ದುಡ್ಡು ತಗೊಂಡವರು ತಿಂಗಳ ಕೆಲಸದ ವರದಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಮೊದಲ ಸಲ ಎರಡೇ ಬಗೆಯ ಪ್ರೊಸೆಸರ್‌ಗೆ ಬೆಂಬಲ, ಕೆಲವು ಪ್ಯಾಕೇಜುಗಳಿಗೆ ಇಲ್ಲವೇ ಇಲ್ಲ ಅಂತ ಪಟ್ಟಿ. ಎಷ್ಟು ಕೈಲಾಗುತ್ತೋ ಅಷ್ಟೇ ಮಾತು ಕೊಟ್ಟರು.

ಅವರೂ ಎಡವದೆ ಕಲಿತಿದ್ದಲ್ಲ. 2006ರಲ್ಲಿ ಎಚ್ ಆವೃತ್ತಿ ಡಿಸೆಂಬರಿಗೆ ಬರಲಿ ಅಂತ, ಡಂಕ್-ಟ್ಯಾಂಕ್ ಅನ್ನೋ ಹೆಸರಿನಲ್ಲಿ ಬಿಡುಗಡೆ ನೋಡಿಕೊಳ್ಳುವ ಇಬ್ಬರಿಗೆ ದುಡ್ಡು ಕೊಡಲು ಹೊರಟರು. ದೊಡ್ಡ ರಂಪ ಆಯ್ತು. ಅವರಿಗೆ ಸಂಬಳ ಅಂದಮೇಲೆ ನಾನ್ಯಾಕೆ ಬಿಟ್ಟಿ ದುಡೀಲಿ ಅಂತ ಕೆಲವರು ಕೈ ಬಿಟ್ಟರು. ಯೋಜನೆಯ ನಾಯಕರನ್ನೇ ಇಳಿಸಬೇಕು ಅನ್ನೋವರೆಗೂ ಮತಕ್ಕೆ ಹೋಯ್ತು (ಇಳಿಯಲಿಲ್ಲ ಅನ್ನಿ). ಎಚ್ ಬಂದಿದ್ದು 2007ರ ಏಪ್ರಿಲ್‌ನಲ್ಲಿ. ಹಾಗಂತ ನಾನು ದುಡ್ಡಿನ ವಿರೋಧಿಯಲ್ಲ. ಮಾತಾಡಿಕೊಳ್ಳದೆ ಒಂದೇ ಪಂಕ್ತಿಯಲ್ಲಿ ಇಬ್ಬರಿಗೆ ಹೋಳಿಗೆ, ಉಳಿದವರಿಗೆ ನೀರು ಮಜ್ಜಿಗೆ ಬಡಿಸಿದರೆ ಜನ ಎದ್ದು ಹೋಗ್ತಾರೆ ಅಂತ ಅಷ್ಟೇ.

ಕೊಟ್ಟ ಮಾತು ತಪ್ಪಿದರೆ ಏನಾಗುತ್ತೆ ಅನ್ನೋದು ಸೆಂಟ್‌ಓಎಸ್ 8 ಹಾಕಿಕೊಂಡವರಿಗೆ ಗೊತ್ತು. 2029ರವರೆಗೆ ಅಂತ ನಂಬಿದ್ದೆವು. 2020ರ ಡಿಸೆಂಬರಿನಲ್ಲಿ, 2021ರ ಕೊನೆಗೇ ಮುಗೀತು ಅಂದರು. ಆ ವರ್ಷ ಸರ್ವರುಗಳನ್ನ ಬದಲಾಯಿಸುತ್ತಾ ಕಳೆದ ಶನಿವಾರಗಳನ್ನ ನಾನಿನ್ನೂ ಮರೆತಿಲ್ಲ. ರೆಡ್ ಹ್ಯಾಟ್‌ನಂಥ ದುಡ್ಡಿರುವ ಕಂಪನಿಯ ನೆರಳಿನಲ್ಲೇ ಹೀಗಾದರೆ, ನಮ್ಮ ಮೂರು ಜನರ ಐದು ವರ್ಷದ ಗ್ಯಾರಂಟಿಗೆ ಏನು ಬೆಲೆ?

ಅವರ ವಾದ ನನಗೆ ಗೊತ್ತು. ಎಂಟರ್‌ಪ್ರೈಸ್ ಅಂದರೆ ದೊಡ್ಡವರು ಬರ್ತಾರೆ, ಬಂದರೆ ಅವರೇ ದುಡ್ಡು ಕೊಡ್ತಾರೆ. ಹೌದಾ? ಅರ್ಧ ಅಂತರ್ಜಾಲವೇ ಓಪನ್‌ಎಸ್‌ಎಸ್‌ಎಲ್ ಮೇಲೆ ನಿಂತಿತ್ತು. 2014ರಲ್ಲಿ ಹಾರ್ಟ್‌ಬ್ಲೀಡ್ ಬಂದಾಗ ನೋಡಿದರೆ, ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್! ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನೋದು ಬರೀ ನಮ್ಮೂರಿನ ಗುಣ ಅಲ್ಲ.

ದುಡ್ಡಿಗಿಂತ ನನಗೆ ಹೆದರಿಕೆ ಬೇರೆ. ಎಕ್ಸ್‌ಝಡ್ ನೋಡಿಕೊಳ್ಳುತ್ತಿದ್ದವರು ಹೆಚ್ಚುಕಮ್ಮಿ ಒಬ್ಬರೇ. ಕೆಲಸ ನಿಧಾನ ಆಯ್ತು, ಬೇರೆಯವರಿಗೆ ಕೊಡಿ ಅಂತ 2022ರಲ್ಲಿ ಅವರ ಮೇಲೆ ಒತ್ತಡ. ಮನಸ್ಸಿನ ಆರೋಗ್ಯ ಸರಿಯಿಲ್ಲ ಅಂತ ಅವರೇ ಬರೆದುಕೊಂಡಿದ್ದರು. ನೆರವಿಗೆ ಅಂತ ಬಂದವನೇ ಕಳ್ಳದಾರಿ ಸೇರಿಸಿಬಿಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನೋರು, ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಕೆದಕಿದ್ದಕ್ಕೆ ಬಚಾವಾದೆವು. ನಮ್ಮ ಮೂವರಲ್ಲಿ ಒಬ್ಬ ಈಗಾಗಲೇ ದಣಿದಿದ್ದಾನೆ. ಅವನ ಹೆಗಲಿಗೆ ನಾಲ್ಕು ಗಂಟೆಯ ಗಡುವು ಹಾಕಿದರೆ, ಸಹಾಯ ಮಾಡ್ತೀನಿ ಅಂತ ಬಂದ ಯಾರಿಗೆ ಬೇಕಾದರೂ ಬೀಗದ ಕೈ ಕೊಟ್ಟು ಮಲಗಿಬಿಡ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡ್ತಿದ್ದೆ.

ಬೇಕಿದ್ದರೆ ಮಾಡಿ. ಹೊರಗೆ ಒಂದು ಕಂಪನಿ ತೆಗೀರಿ, ಬೇರೆ ಹೆಸರಿಡಿ. ಮೊದಲು ಇಬ್ಬರು ಗ್ರಾಹಕರ ಕೈಲಿ ಸಹಿ ಹಾಕಿಸಿ, ಆ ದುಡ್ಡಲ್ಲಿ ಕನಿಷ್ಠ ಇಬ್ಬರಿಗೆ ಪೂರ್ತಿ ಸಂಬಳ ಕೊಡಿ. ಇಬ್ಬರು ಯಾಕೆ ಅಂದರೆ ಒಬ್ಬ ಊರಿಗೆ ಹೋದಾಗ ಇನ್ನೊಬ್ಬ ಬೇಕಲ್ಲ. ಅವರು ಬರೆದ ಪ್ಯಾಚ್ ನಮಗೂ ಬರಲಿ, ಸಂತೋಷವಾಗಿ ಸೇರಿಸಿಕೊಳ್ತೀವಿ. ಸ್ಲೈಡಿನಲ್ಲಿ "ಸಮುದಾಯ" ಅಂತಿರೋ ಕಡೆ ಅವರಿಬ್ಬರ ಹೆಸರು ಬರಲಿ.

ಈ ಭಾನುವಾರ ಸಂಜೆ ಇದರ ಬಗ್ಗೆ ಮೀಟಿಂಗ್ ಇದೆ. ಆ ಮೂರನೇ ಸ್ಲೈಡ್ ತೆರೆದಿಟ್ಟು, ಇಲ್ಲಿ ಯಾರ ಫೋನ್ ನಂಬರ್ ಹಾಕೋಣ ಅಂತ ಕೇಳ್ತೀನಿ. ನನ್ನದಂತೂ ಕೊಡಲ್ಲ. ಏನಾಯ್ತು ಅಂತ ಸೋಮವಾರ ಬರೀತೀನಿ, ಜಗಳ ಆಗದೆ ಉಳಿದರೆ :-)