ನಲವತ್ತು ದಾಟಿದವರು ಪಾದದ ಆರೈಕೆ ಕಲಿಯಬಾರದೇ?

ಕಣ್ಣಿಗೆ ಡಾಕ್ಟರ್ ಇದ್ದಾರೆ, ಹಲ್ಲಿಗೂ ಇದ್ದಾರೆ. ಪಾದಕ್ಕೂ ಪರಿಣತರಿದ್ದಾರೆ, ಅವರನ್ನು ಪೊಡಿಯಾಟ್ರಿಸ್ಟ್ ಅನ್ನುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಈ ಹೆಸರು ಕೇಳಿದವರೇ ಅಪರೂಪ.

ಇದು ಪಟ್ಟಣದವರ ಶೋಕಿಯಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ವರ್ಷಗಟ್ಟಲೆ ಹತೋಟಿ ತಪ್ಪಿದರೆ ಪಾದದ ನರಗಳು ಸೋಲುತ್ತವೆ. ಹೊಲದಲ್ಲಿ ಜಾಲಿಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ನೋವಿಲ್ಲವಲ್ಲ ಅಂತ ಸುಮ್ಮನಿದ್ದರೆ ಗಾಯ ಕೀವಾಗುತ್ತದೆ. ಮೊದಲು ಬೆರಳು, ಆಮೇಲೆ ಕಾಲು. ಕೂಲಿ ಮಾಡುವವರ ಕಾಲು ಹೋದರೆ ಇಡೀ ಮನೆಯ ದುಡಿಮೆಯೇ ಕುಂಟುತ್ತದೆ.

ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಪೊಡಿಯಾಟ್ರಿ ವಿಭಾಗವಿದೆ. ಆದರೆ ದುರ್ಗದಿಂದ ಅದು ಸುಮಾರು 200 ಕಿ.ಮೀ. ಕಾಲು ಊರಲಾಗದವರು ಎಷ್ಟು ಸಲ ಬಸ್ ಹತ್ತಿಯಾರು?

ನಮ್ಮ ಅಭಿಪ್ರಾಯ ಇಷ್ಟೇ: ಈ ಕೆಲಸಕ್ಕೆ ಹೊಸ ಹುಡುಗರನ್ನಷ್ಟೇ ಕಾಯಬೇಕಿಲ್ಲ. ಇಪ್ಪತ್ತು ವರ್ಷ ಡ್ರೆಸ್ಸಿಂಗ್ ಮಾಡಿದ ನರ್ಸ್, ಫಿಸಿಯೋಥೆರಪಿಸ್ಟ್, ಮನೆಮನೆ ಬಲ್ಲ ಆಶಾ ಕಾರ್ಯಕರ್ತೆ, ಚಪ್ಪಲಿ ಹೊಲಿಯುವ ಕುಶಲಕರ್ಮಿ, ಇವರೆಲ್ಲ ನಲವತ್ತರ ನಂತರವೂ ಪಾದದ ಆರೈಕೆಗೆ ಹೊರಳಬಹುದು.

ಎಲ್ಲರೂ ಪೊಡಿಯಾಟ್ರಿಸ್ಟ್ ಆಗುತ್ತಾರೆ ಅನ್ನುತ್ತಿಲ್ಲ. ಬ್ರಿಟನ್ನಿನಲ್ಲಿ ಅದಕ್ಕೇ ಮೂರು ವರ್ಷದ ಪದವಿ ಇದೆ, ಬೇರೆ ಕೆಲಸ ಬಿಟ್ಟು ಬಂದ ಹಿರಿಯರೂ ಸೇರುತ್ತಾರೆ. ನಮ್ಮಲ್ಲಿ ಶಸ್ತ್ರಚಿಕಿತ್ಸೆ ಡಾಕ್ಟರ್ ಕೆಲಸವಾಗಿಯೇ ಇರಲಿ. ಆದರೆ 10 ಗ್ರಾಂ ಒತ್ತಡದ ನೈಲಾನ್ ಎಳೆ ತಾಗಿಸಿ ಸ್ಪರ್ಶ ಪರೀಕ್ಷಿಸುವುದು, ಉಗುರು ಸರಿಯಾಗಿ ಕತ್ತರಿಸುವುದು, ಗಾಯವನ್ನು ಬೇಗ ಗುರುತಿಸಿ ಆಸ್ಪತ್ರೆಗೆ ಕಳಿಸುವುದು ತರಬೇತಿಯಿಂದ ಬರುವ ಕೆಲಸಗಳು.

ಕಸುಬು ಬದಲಿಸಿ ಪಾದ ಉಳಿಸಿದವರ ದೊಡ್ಡ ಉದಾಹರಣೆ ನಮ್ಮ ದಕ್ಷಿಣದಲ್ಲೇ ಇದೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಮೊದಲು ಕಲಿತದ್ದು ಗಾರೆ, ಮರಗೆಲಸ. ಆಮೇಲೆ ಡಾಕ್ಟರ್ ಆಗಿ 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠರೋಗಿಗಳ ಪಾದ ತಾನಾಗಿ ಕೊಳೆಯುವುದಿಲ್ಲ, ಸ್ಪರ್ಶವಿಲ್ಲದೆ ಆದ ಗಾಯಗಳಿಂದ ಹಾಳಾಗುತ್ತದೆ ಎಂದು ತೋರಿಸಿದರು. ಮೆತ್ತನೆಯ ಪಾದರಕ್ಷೆ ರೂಪಿಸಲು ಚಪ್ಪಲಿ ಮಾಡುವವರ ಜೊತೆ ಕೂತರು. ಹಳೆಯ ಕಸುಬು ವ್ಯರ್ಥವಾಗಲಿಲ್ಲ.

'ಈ ವಯಸ್ಸಲ್ಲಿ ಓದೋದಾ? ಅದೂ ಇನ್ನೊಬ್ಬರ ಕಾಲು ಮುಟ್ಟೋ ಕೆಲಸಾನಾ?' ಅನ್ನುವವರು ಇದ್ದೇ ಇರುತ್ತಾರೆ. ಶರಣ ಹರಳಯ್ಯನವರ ಕಾಯಕವನ್ನು ಕೊಂಡಾಡುವ ನಾಡು ನಮ್ಮದು. ಕೊಂಡಾಡಿದರೆ ಸಾಲದು, ಪಾದದ ಕೆಲಸಕ್ಕೆ ಮರ್ಯಾದೆ ಜೊತೆ ಸಂಬಳವೂ ಬೇಕು.

ಹಾಗಾಗಿ ಮೂರು ಬೇಡಿಕೆ. ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಪಾದ ತಪಾಸಣೆ ನಡೆಯಲಿ. ಈ ತರಬೇತಿಗೆ ವಯಸ್ಸಿನ ಮಿತಿ ಬೇಡ, ಕಲಿಯುವಷ್ಟು ದಿನ ಭತ್ಯೆ ಕೊಡಲಿ. ಮನೆ ನಡೆಸುವವರು ದುಡಿಮೆ ಬಿಟ್ಟು ಬರುವುದು ಸುಲಭವಲ್ಲ. ಲಿಡ್ಕರ್ ನಿಗಮ ನಮ್ಮ ಕುಶಲಕರ್ಮಿಗಳಿಗೆ ಸಕ್ಕರೆ ಕಾಯಿಲೆಯವರ ಪಾದರಕ್ಷೆ ಮಾಡುವುದನ್ನು ಕಲಿಸಲಿ.

ಅಲ್ಲಿಯವರೆಗೆ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ದಿನಾ ರಾತ್ರಿ ಅವರ ಅಂಗಾಲು, ಬೆರಳ ಸಂದು ನೋಡಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ, ಜೋಮು ಹಿಡಿದ ಕಾಲನ್ನು ಬಿಸಿನೀರಲ್ಲಿ ಅದ್ದಬೇಡಿ. ಗಾಯ ಕಂಡರೆ, ನೋವಿಲ್ಲದಿದ್ದರೂ, ಮರುದಿನವೇ ಆಸ್ಪತ್ರೆಗೆ ಹೋಗಿ.